ಮೂರನೇ ಗೇರಿನ ಗೋಲಿ

ತಪ್ಪು ಕಾವ್ಯಶ್ರೀದು. ನಮ್ಮಕ್ಕ ಗಿರಿಯಮ್ಮನ ಮಗಳು ಅಂತ ನಾನು ಮುಚ್ಚಿಡಲ್ಲ ಮಾರಣ್ಣ. ನಿನ್ನ ಟ್ರ್ಯಾಕ್ಟರ್ ಕೆಡಿಸಿದ್ದು ಅವಳೇ. ಗೇರ್ ಬಾಕ್ಸ್ ಬಿಚ್ಚಿದಳು, ಜೋಡಿಸೋಕೆ ಬರಲಿಲ್ಲ. ಅಷ್ಟೇ. ಕುಂತ್ಕ. ಆ ಟೈರಿನ ಮೇಲೆ ಕುಂತ್ಕ, ಅದಕ್ಕೆ ಗ್ರೀಸ್ ಆಗಿಲ್ಲ.

ಯಾಕೆ ಹಂಗೆ ನೋಡ್ತೀಯ? ಐಮಂಗಲದ ಹೈವೇ ಪಕ್ಕ ಬೋರ್ಡ್ ಹಾಕ್ಕಂಡೋಳು ತಪ್ಪು ಮಾಡಲ್ಲ ಅಂತಾನಾ? ಬೋರ್ಡ್ ಗೇರ್ ಹಾಕಲ್ಲಪ್ಪ, ಕೈ ಹಾಕುತ್ತೆ. ಈ ಜವನಗೊಂಡನಹಳ್ಳಿಯಾಗೆ, ಇದೇ ತಗಡಿನ ಶೆಡ್ಡಿನಾಗೆ, ಇಪ್ಪತ್ತೆರಡು ವರ್ಷ ಗಾಡಿ ಬಿಚ್ಚಿದೋನು ಈ ಜುಂಜೇಶ. ನನಗ್ಯಾರೂ ಕಲಿಸಲಿಲ್ಲ. ಕೆಟ್ಟು ನಿಂತ ಗಾಡಿಗಳೇ ಕಲಿಸಿದ್ದು. ನನಗೆ ಯಾವ ಪಂಚಾಯ್ತಿಯೋನಾದ್ರೂ ಶಾಲು ಹೊದ್ದಿಸಿದ್ನಾ? ಅವಳು ಎರಡು ವರ್ಷ ಐಟಿಐ ಓದಿ ಬಂದ್ಲು, ಶಾಲು, ಹಾರ, ಪೇಪರಿನಾಗೆ ಫೋಟೋ. ಆ ಫೋಟೋ ನೀನೂ ನೋಡಿದೀಯ. ಅವಳ ಕೈಯಾಗಿರೋ ಸ್ಪ್ಯಾನರ್ ಯಾರದು ಗೊತ್ತಾ? ನಂದು. ಹಿಡಿಗೆ ಹಸಿರು ಟೇಪ್ ಸುತ್ತಿರೋದು. ಸ್ಪ್ಯಾನರ್ ಪೇಪರಿಗೆ ಬಂತು, ನಾನು ಬರಲಿಲ್ಲ.

ನಗ್ತೀಯ? ಹೊಟ್ಟೆಕಿಚ್ಚು ಅಂತೀಯ? ಅನ್ನು. ಊರೆಲ್ಲ ಅಂತೈತೆ, ನಿಂದೊಂದು ಬಾಕಿ ಇತ್ತು.

ಸರಿ, ಗಾಡಿ ಕತೆ ನೋಡಾಣ. ಮೂರನೇ ಗೇರಿಗೆ ಹಾಕಿದ್ರೆ ಲಿವರ್ ತಾನೇ ಹಾರಿ ನ್ಯೂಟ್ರಲ್ಲಿಗೆ ಬರುತ್ತೆ... ಹೂಂ. ಕ್ಲಚ್ ಅಂತ ಯಾವನು ಹೇಳಿದ್ದು? ಕ್ಲಚ್ ಜಾರಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ, ಆದ್ರೆ ಲಿವರ್ ಇದ್ದಲ್ಲೇ ಇರುತ್ತೆ. ಗೇರಿನ ಹಲ್ಲು ಸವೆದಿದ್ರೂ ಹಾರುತ್ತೆ, ನಿಜ. ಆದ್ರೆ ಸವೆದ ಹಲ್ಲು ಅದಕ್ಕೆ ಮೊದಲು ತಿಂಗಳುಗಟ್ಟಲೆ ಕುಯ್ಯೋ ಅಂತ ಅಳುತ್ತೆ. ನಿಂದು ಅಳ್ತಾ? ಇಲ್ಲ. ಯುಗಾದಿಗೆ ಅವಳೇ ಹೊಸ ಗೇರು, ಹೊಸ ಬೇರಿಂಗ್ ಹಾಕಿದಾಳೆ. ಹಂಗಾದ್ರೆ ಉಳಿದಿದ್ದು ಒಂದೇ. ಮುಚ್ಚಳ ತೆಗೆಯೋಕೆ ಮೊದಲೇ ಹೇಳ್ತೀನಿ, ಬೇಕಾದ್ರೆ ಬರೆದಿಟ್ಕ. ಗೋಲಿ ಇಲ್ಲ. ಕಡ್ಲೆಕಾಳಿನಷ್ಟು ಸ್ಟೀಲ್ ಗೋಲಿ. ಮೇಲಿಂದ ಸ್ಪ್ರಿಂಗ್ ಒತ್ತಿದ್ರೆ ಅದು ಗೇರ್ ರಾಡಿನ ಕುಳಿಯಾಗೆ ಕೂರುತ್ತೆ, ಆಮೇಲೆ ಗೇರ್ ಅಲುಗಲ್ಲ. ಅದನ್ನ ಹಾಕೋದೇ ಮರೆತಿದಾಳೆ ನಿಮ್ಮ ಪೇಪರಿನ ಮೆಕ್ಯಾನಿಕ್ಕು.

ಏನು? ಯುಗಾದಿಯಿಂದ ಹೋದ ಸೋಮವಾರದ ತಂಕ ಚೆನ್ನಾಗೇ ಓಡ್ತಿತ್ತಾ? ಅದು... ಹಂಗೂ ಆಗುತ್ತೆ. ಬರೀ ಸ್ಪ್ರಿಂಗೇ ಸ್ವಲ್ಪ ದಿನ ಹಿಡ್ಕಂಡಿರುತ್ತೆ. ಗಾಡಿ ವಿಷಯ ನಿನಗಿಂತ ನನಗೆ ಗೊತ್ತು, ಸುಮ್ನಿರು.

ಅಲ್ಲ, ಅವಳ ಹತ್ರ ಹೋಗದೆ ನನ್ನ ಹತ್ರ ಯಾಕೆ ಬಂದೆ? ಹೋಗಿದ್ಯಾ? ಅವಳೇ ಕಳಿಸಿದ್ಲಾ? ‘ನಮ್ಮ ಮಾಮ ಲಿವರ್ ಮುಟ್ಟಿದ್ರೆ ಸಾಕು, ಅವನಿಗೆ ತಿಳಿಯುತ್ತೆ’ ಅಂದ್ಲಾ... ಹಂಗೇ ಅಂದ್ಲಾ? ನಿನ್ನ ಮಾತು ಸೇರಿಸ್ಬ್ಯಾಡ, ಅವಳ ಮಾತು ಹೇಳು.

ಹೂಂ. ಹಂಗನ್ನೋದೂ ಒಂದು ಬೋರ್ಡೇ ಬಿಡು. ದೊಡ್ಡ ಮನಸ್ಸಿನೋಳು ಅಂತ ನಾಲ್ಕು ಜನ ಅನ್ನಲಿ ಅಂತ. ಗೋಲಿಗೆ ಗ್ರೀಸ್ ಹಚ್ಚಿ, ಬೆರಳ ತುದಿಗೆ ಅಂಟಿಸ್ಕಂಡು ಇಳಿಸ್ಬೇಕು, ಇಲ್ಲಾಂದ್ರೆ ಬಾಕ್ಸೊಳಕ್ಕೆ ಬೀಳುತ್ತೆ ಅಂತ ಅವಳಿಗೆ ತೋರಿಸಿದ್ದು ನಾನು. ಪಿಯುಸಿ ರಜದಾಗೆ, ಇದೇ ಜಾಗದಾಗೆ. ಎರಡನೇ ಸಲಕ್ಕೇ ನನಗಿಂತ ಬೇಗ ಕೂರಿಸಿದ್ಲು. ಅವತ್ತು ನಾನು ಶಹಬ್ಬಾಸ್ ಅಂದೆ. ಅನ್ನಬಾರದಿತ್ತು.

ಈಗ ನಾನು ಕಲಿಸಿದ್ದು ಯಾವುದೂ ಅವಳಿಗೆ ಬ್ಯಾಡ. ಗ್ಯಾಸ್ಕೆಟ್ಟೇ ತಗಾ, ಮುಚ್ಚಳದ ಕೆಳಗೆ ಎಣ್ಣೆ ಸೋರದಂಗೆ ಹಾಕೋ ಹಾಳೆ. ನಾನು ಇಷ್ಟು ವರ್ಷವೂ ಮದುವೆ ಕಾರ್ಡಿನಾಗೇ ಕತ್ತರಿಸಿ ಹಾಕಿದೀನಿ. ಅರ್ಧ ಹೋಬಳಿಯ ಮದುವೆಗಳು ಗೇರ್ ಬಾಕ್ಸಿನ ಮೇಲೆ ಕುಂತವೆ, ಒಂದು ಹನಿ ಸೋರಿಲ್ಲ. ಅವಳಿಗೆ ಅದು ನಾಚಿಕೆ. ಚಿತ್ರದುರ್ಗದಿಂದ ಕರೀ ಶೀಟೇ ಬರಬೇಕು.

ಹಿಡ್ಕ, ಈ ಕೊನೇ ಬೋಲ್ಟ್ ಬಂತು. ಮುಚ್ಚಳ ಹಗುರಕ್ಕೆ ಎತ್ತು... ಹಾಂ, ಪಕ್ಕಕ್ಕಿಡು. ಬಗ್ಗಿ ನೋಡು. ಸ್ಪ್ರಿಂಗ್ ಐತೆ. ಗೋಲಿ? ಬೆರಳು ಹಾಕಿ ನೋಡು. ಇಲ್ಲ ತಾನೆ? ನಾನೇನು ಹೇಳಿದ್ದೆ? ಊರಿಗೆ ಹೋಗಿ ಇದನ್ನ ಹೇಳು. ಸಂತೆಯಾಗೆ ಹೇಳು. ಶಾಲು ಹೊದ್ದಿಸಿದೋರ ಮನೆ ಮುಂದೆ ನಿಂತು ಹೇಳು.

ಏನಂದೆ? ನಿನ್ನೆ ಎಲ್ಲಿ ಹಾರಿದ್ದು? ಆ ಗಾಳಿ ಕರೆಂಟಿನ ಫ್ಯಾನ್ ನಿಲ್ಲಿಸಿರೋ ಗುಡ್ಡದ ಇಳಿಜಾರಿನಾಗಾ? ಟ್ರೇಲರ್ ತುಂಬ ಚಪ್ಪರದ ಗರಿ ಇತ್ತಾ? ಹೊಲದಾಗೆ ಅಂತ ಅಲ್ಲವಾ ನೀನು ಹೇಳಿದ್ದು... ನಾನೇ ಅನ್ಕಂಡ್ನಾ. ಆಮೇಲೆ? ಬ್ರೇಕ್ ಹಿಡೀತಾ? ಕತ್ತಾಳೆ ಬೇಲಿಗೆ ಗುದ್ದಿ ನಿಂತಾ... ಯಾರು ಕುಂತಿದ್ರು ಮಡ್ಗಾರ್ಡ್ ಮೇಲೆ?

ಪ್ರೀತಿನಾ?

ಬುಧವಾರ ಮದುವೆ ಇಟ್ಕಂಡು ಮಗಳನ್ನ ಮಡ್ಗಾರ್ಡ್ ಮೇಲೆ ಯಾಕೆ ಕೂರಿಸ್ಕಂಡೆ ಮಾರಣ್ಣ? ಏನಾತು ಅವಳಿಗೆ? ಮೊಣಕೈ ತರಚಿದ್ದು ಅಷ್ಟೇನಾ? ಬೇರೆ ಏನೂ ಇಲ್ಲ ತಾನೆ? ನಡೀತಾಳಾ? ಇದನ್ನ ಬಂದ ತಕ್ಷಣ ಹೇಳೋದಲ್ವಾ... ಇಷ್ಟೊತ್ತು ನನ್ನ ಕೈಲಿ ಮಾತಾಡಿಸಿದೀಯ.

ಹಂಗೆ ಸುಮ್ನೆ ಕುಂತ್ಕಬ್ಯಾಡ. ಆ ಮುಚ್ಚಳಕ್ಕೆ ಅಂಟಿರೋ ಗ್ಯಾಸ್ಕೆಟ್ ಕೆರಿ, ಬ್ಲೇಡ್ ಅಲ್ಲೈತೆ. ಕೈಗೊಂದು ಕೆಲಸ ಆಗ್ಲಿ. ನಾನು ಅಷ್ಟರಾಗೆ ಗೋಲಿ ಹುಡುಕ್ತೀನಿ, ನನ್ನ ಡಬ್ಬಿಯಾಗೆ ಅದೇ ಸೈಜಿಂದು ಒಂದು ಇರಬೇಕು... ಇರುತ್ತೆ.

ಯಾಕೆ ನಿಲ್ಲಿಸಿದೆ? ಬೆಳಕಿಗೆ ಹಿಡ್ಕಂಡು ಏನು ನೋಡ್ತೀಯ? ಹಳೇ ಗ್ಯಾಸ್ಕೆಟ್ ಅದು, ಬಿಸಾಕು. ಬಿಸಾಕು ಅಂದೆ. ಮಾರಣ್ಣ, ಕೊಡಿಲ್ಲಿ.

ಓದಬ್ಯಾಡ.

ಹೌದು. ಕರೀ ಶೀಟ್ ಅಲ್ಲ ಅದು. ಅದರ ಮೇಲೆ ‘ಚಿ. ಸೌ. ಪ್ರೀತಿ’ ಅಂತ ಐತೆ. ಮೂಲೆಯಾಗೆ ನಿನ್ನ ಹೆಂಡ್ತಿ ಮುದ್ದಕ್ಕ ಹಚ್ಚಿದ ಅರಿಶಿನ, ಎಣ್ಣೆ ಕುಡಿದ್ರೂ ಹೋಗಿಲ್ಲ. ಯುಗಾದಿಗೆ ಈ ಕಾರ್ಡ್ ಅಚ್ಚೇ ಆಗಿರಲಿಲ್ಲ. ಹೋದ ಸೋಮವಾರ ನೀನೇ ತಂದು ನನ್ನ ಕೈಗೆ ಕೊಟ್ಟಿದ್ದು.

ಬೈಬೇಕಾ, ಬೈ.

ಅವತ್ತು ನೀನು ಗಾಡಿ ಇಲ್ಲೇ ನಿಲ್ಲಿಸಿ ಊರೊಳಕ್ಕೆ ಕಾರ್ಡ್ ಹಂಚೋಕೆ ಹೋದೆ. ಎರಡು ಗಂಟೆ ಬರಲಿಲ್ಲ. ಅವಳ ಕೆಲಸ ನೋಡಾಣ ಅಂತ ಬಿಚ್ಚಿದೆ. ಬರೀ ನೋಡಾಣ ಅಂತ. ಒಂದು ತಪ್ಪು ಸಿಕ್ಕಿದ್ರೆ ಸಾಕಿತ್ತು ನನಗೆ. ಒಂದೂ ಸಿಗಲಿಲ್ಲ ಮಾರಣ್ಣ. ನಾನು ಇಪ್ಪತ್ತೆರಡು ವರ್ಷದಾಗೆ ಅಷ್ಟು ಚೆನ್ನಾಗಿ ಒಂದು ಬಾಕ್ಸೂ ಜೋಡಿಸಿಲ್ಲ. ಗೋಲಿ ಮೇಲೆ ಗ್ರೀಸ್ ಕೂಡ ನಾನು ತೋರಿಸಿದಂಗೇ, ಬೆರಳಲ್ಲಿ ಒಂದೇ ಒಂದು ಸುತ್ತು. ನೋಡ್ತಾ ನೋಡ್ತಾ ಆ ಗೋಲೀನೇ ಎತ್ತಿಕಂಡೆ. ಬಿಚ್ಚುವಾಗ ಅವಳ ಶೀಟ್ ಹರಿದಿತ್ತು, ನೀನು ಬರೋ ಹೊತ್ತಾಗಿತ್ತು, ಕೈಗೆ ಸಿಕ್ಕಿದ್ದು ನಿನ್ನ ಕಾರ್ಡು. ಕತ್ತರಿಸಿದ್ದೇ ಮರೆತೆ. ಈ ಕೈಗೆ ಅಷ್ಟು ರೂಢಿ ಅದು.

ಹೊಲದಾಗೆ ನಾಲ್ಕು ಸಲ ಹಾರುತ್ತೆ, ಅವಳನ್ನ ಬೈಕಂಡು ನನ್ನ ಹತ್ರ ಬರ್ತೀಯ ಅನ್ಕಂಡೆ. ಇಳಿಜಾರು ನೆನಪಿಗೆ ಬರಲಿಲ್ಲ... ಇಲ್ಲ, ಸುಳ್ಳು. ಬಂತು. ನೀನು ಗಾಡಿ ಸ್ಟಾರ್ಟ್ ಮಾಡಿ ಹೊರಟಾಗ ಬಂತು. ಕೂಗಿದ್ರೆ ಕೇಳಿಸ್ತಿತ್ತು. ನಾನು ಕೂಗಲಿಲ್ಲ.

ಇದಾ, ಎಲೆ ಅಡಿಕೆ ಡಬ್ಬಿಯಾಗಿಟ್ಟಿದ್ದೆ. ಸುಣ್ಣ ಹತ್ತೈತೆ, ಒರೆಸಿದ್ರೆ ಹೋಗುತ್ತೆ. ಕೈ ಚಾಚು. ನಾನೇ ಕೂರಿಸಿ ಕೊಡ್ತಿದ್ದೆ, ಐದು ನಿಮಿಷದ ಕೆಲಸ... ಬ್ಯಾಡ. ನಿನ್ನ ಗಾಡಿಗೆ ಇನ್ನು ಈ ಕೈ ಬ್ಯಾಡ.

ಎದ್ದು ಹೋಗಬ್ಯಾಡ. ಹಿಂಗೆ ಎದ್ದು ಹೋದ್ರೆ ನಾಳೆ ನಾನು ಇನ್ನೊಂದು ಕತೆ ಕಟ್ತೀನಿ, ಅದನ್ನ ನಂಬೋರೂ ಇರ್ತಾರೆ. ಫೋನ್ ತಗಿ. ಕಾವ್ಯಶ್ರೀಗೆ ಮಾಡು. ‘ನಿಮ್ಮ ಮಾಮ ಕದ್ದ’ ಅಂತ ನನ್ನ ಎದುರಿಗೇ ಹೇಳು. ಅವಳು ಬಂದು ಅವಳ ಕೈಯಾರೆ ಗೋಲಿ ಕೂರಿಸ್ಲಿ, ಊರೋರೆಲ್ಲ ನಿಂತು ನೋಡ್ಲಿ. ನಾನು ಬ್ಯಾಟರಿ ಹಿಡ್ಕಂಡು ನಿಲ್ತೀನಿ.

ನನ್ನ ಮುಖ ನೋಡಬ್ಯಾಡ ಮಾರಣ್ಣ. ಫೋನ್ ಮಾಡು.