ಕಿವಿಯೊಳಗೆ ಅಲೆದ ಬೆಳಕು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ಕೂತಿರೋ, ನಾವಿವತ್ತು ನೆನೆಯೋಕೆ ಸೇರಿರೋ ಗೆಳತಿಯ ಅಪ್ಪ, ಅಮ್ಮ — ನಿಮಗೆ ನಮಸ್ಕಾರ ಅನ್ನೋಕೂ ಇವತ್ತು ನಾಲಿಗೆ ಹೊರಳ್ತಿಲ್ಲ. ಆದರೂ ನಮಸ್ಕಾರ. ಗೈಡ್ ಮೇಡಂ, ವಿಭಾಗದ ಹಿರಿಯರೆ, ಅಂಗಡಿ ಬೀದಿಯಿಂದ ಬಂದಿರೋ ನೆರೆಹೊರೆಯವರೆ, ಗೆಳೆಯರೆ.

ನಾನು ಐದು ವರ್ಷ ಲ್ಯಾಬಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೂತವನು. ಕಂಪ್ಯೂಟರಿನಲ್ಲಿ ಚಿತ್ರ ಹುಟ್ಟಿಸೋ ವಿದ್ಯೆ ನಮ್ಮದು — ಗ್ರಾಫಿಕ್ಸ್. ನಾನು ಹೊಗೆ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ. ಅವಳು ಕಿವಿ ಮೇಲೆ. ನಗಬಹುದು ನೀವು, ನಾವೂ ನಕ್ಕಿದ್ವಿ. ಲ್ಯಾಬಲ್ಲಿ ಅವಳಿಗೆ "ಕಿವಿ ಡಾಕ್ಟ್ರು" ಅಂತಲೇ ಹೆಸರು. ನಿಜವಾಗಿ ಡಾಕ್ಟರ್ ಆಗೋಕೆ ಒಂದೇ ಒಂದು ಅಧ್ಯಾಯ ಬಾಕಿ ಇತ್ತು. ಹೋದ ತಿಂಗಳು ಜ್ವರ ಅಂತ ಮಲಗಿದವಳು ಮತ್ತೆ ಏಳಲಿಲ್ಲ. ನಾನು ಇಲ್ಲಿ ಬಂದು ನಿಂತಿರೋದು ಆ ಅಧ್ಯಾಯಕ್ಕಾಗಿ.

ಅವಳ ಪಿಎಚ್‌ಡಿ ಅರ್ಜಿ ನೋಡಿದ್ರೆ — ಮೊದಲು ಗಣಿತದ ಪದವಿ. ಆಮೇಲೆ ಎರಡು ವರ್ಷ ಕನ್ನಡಕದ ಅಂಗಡೀಲಿ ಕೆಲಸ. ಆಮೇಲೆ ಕಂಪ್ಯೂಟರ್ ಎಂಎಸ್ಸಿ, ಅದರಲ್ಲಿ ಮೇಣದ ಬತ್ತಿ ಮೇಲೊಂದು ಪ್ರಬಂಧ. ಎಲ್ಲ ಸರಿ. ಆದರೆ ಅವಳ ಓದು ಶುರುವಾಗಿದ್ದು ಅಪ್ಪನ ಕಟಿಂಗ್ ಶಾಪಲ್ಲಿ.

ಆ ಅಂಗಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಏಳೂವರೆಗೆ ಬಿಸಿಲು ನೇರ ಬಾಗಿಲಿಂದ ಒಳಗೆ. ಆರು ವರ್ಷದ ಹುಡುಗಿ ಬೆಂಚಿನ ಮೇಲೆ ಕಾಲು ಆಡಿಸ್ತಾ ಕೂತು ನೋಡ್ತಿದ್ಲಂತೆ. ಕುರ್ಚಿ ಮೇಲೆ ಕೂತ ಮೇಷ್ಟ್ರ ಕಿವಿ, ಪೋಸ್ಟ್‌ಮ್ಯಾನ್ ಕಿವಿ — ಎಲ್ಲಾ ಕೆಂಪು, ಒಳಗಡೆ ಯಾರೋ ದೀಪ ಹಚ್ಚಿಟ್ಟ ಹಾಗೆ.

"ಅಪ್ಪಾ, ಇವರ ಕಿವಿ ಯಾಕೆ ಉರೀತಿದೆ?"

ಕತ್ತರಿ ನಿಲ್ಲಿಸದೆ ಅಪ್ಪ ಅಂದ್ರಂತೆ — "ಉರೀತಿಲ್ಲ ಮಗಾ. ಬಿಸಿಲು ಒಳಗೆ ಹೋಗಿದೆ. ದಾರಿ ಹುಡುಕ್ತಿದೆ."

ಗೆಳೆಯರೆ, ಇದನ್ನೇ ಹೇಳೋಕೆ ನಮ್ಮ ಪುಸ್ತಕದಲ್ಲಿ ಎರಡು ಪುಟ ಸಮೀಕರಣ ಇದೆ! ಬೆಳಕು ಚರ್ಮಕ್ಕೆ ಬಡಿದು ಸುಮ್ಮನೆ ವಾಪಸ್ ಬರಲ್ಲ. ಒಳಗೆ ಇಳಿಯುತ್ತೆ, ಅಲೆಯುತ್ತೆ, ಇನ್ನೆಲ್ಲೋ ಹೊರಗೆ ಬರುತ್ತೆ. ಅದನ್ನ ಲೆಕ್ಕ ಹಾಕದಿದ್ರೆ ಕಂಪ್ಯೂಟರಿನ ಮನುಷ್ಯ ಪ್ಲಾಸ್ಟಿಕ್ ಗೊಂಬೆ ಆಗಿಬಿಡ್ತಾನೆ. ಅವಳು ಹೇಳೋಳು — "ಮಾತು ಈ ಕಿವೀಲಿ ಹೋಗಿ ಆ ಕಿವೀಲಿ ಹೊರಟೋಗುತ್ತೆ. ಬೆಳಕಿಗೆ ಮರ್ಯಾದೆ ಇದೆ. ಒಂದೇ ಕಿವೀಲಿ ಸ್ವಲ್ಪ ಹೊತ್ತು ಇದ್ದು ಹೋಗುತ್ತೆ."

ನಮ್ಮೆಲ್ಲರ ಕಿವಿ ಹಿಂದೆ ಟಾರ್ಚ್ ಹಿಡಿದು, ಮುಂದೆ ಕ್ಯಾಮೆರಾ ಇಟ್ಟು ಅಳೆದಳು. ಎಲ್ಲಾ ಅಂಕಿ ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂತವು. ರಜೆಗೆ ಹೋದಾಗ ಅಪ್ಪನ ಕಿವೀನೂ ಅಳೆದು ತಂದಳು. ಅದೊಂದು ಕೂರಲಿಲ್ಲ. ಅವರ ಕಿವೀಲಿ ಬೆಳಕು ನಮ್ಮ ಲೆಕ್ಕಕ್ಕಿಂತ ತುಂಬಾ ದೂರ ಅಲೀತಿತ್ತು.

ನಾನೇ ಅಂದೆ — ಹೌದು, ನಾನೇ — "ಆ ಒಂದು ಅಂಕಿ ತೆಗೆದುಬಿಡು. ಪ್ರಬಂಧ ಮುಗಿಯುತ್ತೆ."

ಅವಳು ಕುರ್ಚಿ ತಿರುಗಿಸಿ ನೋಡಿದಳು. "ನಿನ್ನ ಲೆಕ್ಕಕ್ಕೆ ಬರಲಿಲ್ಲ ಅಂತ ನಮ್ಮಪ್ಪನ್ನ ತೆಗೆದುಹಾಕ್ಲಾ? ಲೆಕ್ಕ ತಪ್ಪಾಗಬಹುದು. ಕಿವಿ ಹೇಗೆ ತಪ್ಪಾಗುತ್ತೋ?"

ಎರಡು ವಾರ ನಾವು ಮಾತಾಡಲಿಲ್ಲ. ನನಗೆ ಹಟ, ಅವಳಿಗೆ ಅದರಪ್ಪನಂಥ ಹಟ. ತಪ್ಪಿದ್ದು ನಾನು. ನಾವು ಅಳೆದದ್ದೆಲ್ಲ ಇಪ್ಪತ್ತೈದು ವಯಸ್ಸಿನವರ ಕಿವಿ — ಲ್ಯಾಬಲ್ಲಿ ಸಿಗೋದೇ ಅವು! ವಯಸ್ಸಾದ ಕಿವೀಲಿ ಬೆಳಕು ಬೇರೆ ಥರ ಅಲೆಯುತ್ತೆ. ಅದಕ್ಕೇ ನಾವು ಕಂಪ್ಯೂಟರಲ್ಲಿ ಮಾಡಿದ ಅಜ್ಜಂದಿರಿಗೆಲ್ಲ ಮುಖದ ತುಂಬ ಸುಕ್ಕು, ಕಿವಿ ಮಾತ್ರ ಹುಡುಗರದ್ದು. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳು ಊರಿಗೆ ಹೋಗಿ ಅಪ್ಪನ ಅಂಗಡೀಲೇ ಕೂತಳು. ಅರವತ್ತು ದಾಟಿದ ಅರವತ್ತು ಜನರ ಕಿವಿ ಬೇಕು ಅಂತ ಬರ್ಕೊಂಡಳು. ಅಪ್ಪ ಕೂದಲು ಕತ್ತರಿಸೋದು, ಮಗಳು ಟಾರ್ಚ್ ಹಿಡಿಯೋದು. "ಏನಮ್ಮಾ, ನನ್ನ ಕಿವಿ ಮೇಲೆ ಹೂ ಇಡ್ತಿದ್ದೀಯಾ?" ಅಂತ ಗಿರಾಕಿಗಳು ಕಾಲೆಳೆಯೋರಂತೆ. ಐವತ್ಮೂರು ಆಯ್ತು. ಐವತ್ಮೂರೂ ಅವಳ ಅಪ್ಪನ ಕಡೆಗೇ ಸಾಕ್ಷಿ ಹೇಳಿದವು. ಅಷ್ಟರಲ್ಲಿ ಜ್ವರ ಬಂತು.

ಆ ಚಿತ್ರಗಳನ್ನ ಈ ವಾರ ಒಂದೊಂದಾಗಿ ತೆರೆದು ನೋಡಿದೆ. ಕತ್ತಲೆ, ನಡುವೆ ಕೆಂಪಗೆ ಒಂದು ಕಿವಿ. ಸಣ್ಣ ಸಣ್ಣ ನರ, ಹೊಳೆ ಕವಲೊಡೆದ ಹಾಗೆ. ನೋಡ್ತಾ ನೋಡ್ತಾ ನಾನೂ ಅದರೊಳಗೆ ಎಲ್ಲೋ ನಡೀತಿದ್ದೀನಿ, ಸ್ವಲ್ಪ ಮುಂದೆ ಅವಳು ಹೋಗ್ತಿದ್ದಾಳೆ ಅನ್ನಿಸ್ತು. ಕೂಗಿದ್ರೆ ತಿರುಗ್ತಾಳೆ ಅನ್ನಿಸ್ತು. ಚಿತ್ರ ಮುಚ್ಚಿಬಿಟ್ಟೆ.

ಅಪೂರ್ಣ ಅಧ್ಯಾಯ ಬಿಟ್ಟು ಉಳಿದದ್ದನ್ನ ಒಪ್ಪಿಸಿ, ಪದವಿ ಕೊಡ್ತೀವಿ ಅಂತ ಸಮಿತಿ ಹೇಳಿದೆ. ಒಳ್ಳೇ ಮನಸ್ಸಿಂದಲೇ ಹೇಳಿದೆ. ಆದರೆ ಆ ಅಧ್ಯಾಯ ಬಿಟ್ರೆ, ನಾನು ಅವತ್ತು ಹೇಳಿದ ಹಾಗೇ ಆಗುತ್ತೆ. ಅಪ್ಪನ್ನ ತೆಗೆದುಹಾಕಿದ ಹಾಗೆ. ಗೈಡ್ ಮೇಡಂ ತಿಂಗಳ ಕೊನೆವರೆಗೆ ಸಮಯ ಕೇಳಿ ತಂದಿದ್ದಾರೆ. ಬೇಕಾಗಿರೋದು ಏಳು ಜನ. ಇಲ್ಲಿ ತುಂಬಾ ಬಿಳಿ ತಲೆಗಳು ಕಾಣ್ತಿವೆ — ಹಿರಿಯರೆ, ಕೈ ಮುಗಿದು ಕೇಳ್ತೀನಿ. ಪಕ್ಕದ ಕೋಣೇಲಿ ಕ್ಯಾಮೆರಾ ಇಟ್ಟಿದ್ದೀನಿ. ಎರಡು ನಿಮಿಷ. ಕಿವಿ ಹಿಂಡಲ್ಲ. ಸಭೆ ಮುಗಿದ ಮೇಲೆ ಬನ್ನಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅವಳಿಗಾಗಿ ಒಂದು ನಿಮಿಷ ಮೌನ —

ಅಪ್ಪಾಜಿ, ನೀವು ಏಳಬೇಡಿ. ನಲವತ್ತು ವರ್ಷ ಊರೆಲ್ಲ ನಿಮ್ಮ ಮುಂದೆ ಕೂತಿತ್ತು, ನೀವು ನಿಂತಿದ್ರಿ. ಇವತ್ತು ನೀವು ಕೂತ್ಕೊಳ್ಳಿ. ನಾವು ನಿಲ್ತೀವಿ.