ಸೂಜಿ ಇಳಿದ ಸಾಲು

ಲ್ಯಾಬಿನಲ್ಲಿ ರಕ್ತಪರೀಕ್ಷೆಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ-ತಂಗಿ, ತಂಗಿಯ ತೊಡೆಯ ಮೇಲೆ ಅವಳೇ ಬರೆದ ಕಥೆ.

“ಅಮ್ಮನ ಉಗುರಿಗೆ ಹೊಲಿಗೆ ಮಷೀನಿನ ಸೂಜಿ ಇಳಿಯೋ ಸಾಲು ತೆಗೀಬೇಕಂತೆ ಅಕ್ಕ. ‘ಅವಳಿಗೆ ಬಹಳ ದುಃಖವಾಯಿತು’ ಅಂದ್ರೆ ಸಾಕಂತೆ ಸಂಪಾದಕರಿಗೆ.”

“ಅಪ್ಪ ತೀರ್ಕೊಂಡ ದಿನಾನೂ ಹೊಲೀತಾ ಕೂತಿದ್ಲು ಅಂತ ನಾನು ಅಮ್ಮನ ಹತ್ರ ಮಾತು ಬಿಟ್ಟು ಹತ್ತು ವರ್ಷ ಆಯ್ತು.”

“ಗೊತ್ತು. ಅದಕ್ಕೇ ಬರೆದೆ.”

“ಆವತ್ತು ಸೂಜಿ ಇಳಿದದ್ದೇ ಅವಳಿಗೆ ತಿಳೀಲಿಲ್ಲ ಅಂತ ಓದಿದಾಗ ನನ್ನ ಹೆಬ್ಬೆರಳು ತಾನಾಗೇ ಮುಷ್ಟಿಯೊಳಗೆ ಹೋಯ್ತು ಕಣೇ. ಆಮೇಲೆ ಎಷ್ಟು ಹುಡುಕಿದ್ರೂ ಸಿಟ್ಟು ಸಿಗಲಿಲ್ಲ.”

“ಹಾಗಾದ್ರೆ ಒಂದಕ್ಷರಾನೂ ತೆಗೆಯಲ್ಲ.”

“ತೆಗೆದ್ರೆ ನೋಡು! ಇಲ್ಲಿಂದ ಸೀದಾ ಅಮ್ಮನ ಮನೆಗೇ ಹೋಗೋಣ.”

ಅಕ್ಕನನ್ನು ಕರೆದರು. ಇಬ್ಬರೂ ಒಳಗೆ ಹೋದರು.

“ಮುಷ್ಟಿ ಬಿಗಿಯಾಗಿ ಹಿಡೀರಿ,” ಪರದೆಯಾಚೆ ನರ್ಸ್ ಹೇಳಿದಳು.

“ಆಗಲೇ ಹಿಡ್ಕೊಂಡಿದ್ದೀನಿ.”