ಅಭ್ಯಾಸಕ್ಕೊಂದು ಕಾಲು

ಬಸ್ಸಿನಲ್ಲಿ ಒಬ್ಬ ಸಂಕೋಚದ ಹುಡುಗಿಯ ಮುಂದೆ ಕೂತಿದ್ದವರು ಬ್ಯೂಟಿ ಪಾರ್ಲರ್ ನಡೆಸುವ ಅತ್ತಿಗೆ, ನಾದಿನಿ. ಹುಡುಗಿಯ ಕಣ್ಣು ಪುಸ್ತಕದಲ್ಲಿತ್ತು, ಕಿವಿ ಮಾತ್ರ ಅವರ ಮಾತಿನಲ್ಲಿ.

“ನಾಳೆಯಿಂದ ವ್ಯಾಕ್ಸಿಂಗ್ ಅಂತ ಬೋರ್ಡ್ ಹಾಕಿದ್ದೀಯಲ್ಲೇ, ಯಾರ ಮೇಲಾದ್ರೂ ಕೈ ಪಳಗಿಸ್ಕೊಂಡಿದ್ದೀಯಾ?”

“ನಿನ್ನೆ ಅಣ್ಣನ ಒಂದು ಕಾಲ ಮೇಲೆ, ಅತ್ತಿಗೆ.”

“ಅದಕ್ಕೇ ಬೆಳಿಗ್ಗೆಯಿಂದ ಮುಖ ಊದಿಸ್ಕೊಂಡಿದ್ದಾರಾ! ಹೇಗೇ ಒಪ್ಪಿದ್ರು?”

“ಮಾಲೀಶು ಅಂದ್ಕೊಂಡಿದ್ರು. ಮೊದಲ್ನೇ ಮೇಣದ ಪಟ್ಟಿ ಎಳೆದು ಕೂದಲು ಕಿತ್ತ ತಕ್ಷಣ ಓಡಿಹೋದ್ರು.”

“ಪಾಪ ಕಣೇ, ಒಳ್ಳೇ ಮನುಷ್ಯ.”

“ನಾಳೆ ಮೊದಲ ಗಿರಾಕಿನೂ ಹಾಗೇ ಓಡಿಹೋದ್ರೆ? ಬೀದಿಯೆಲ್ಲ ಸುದ್ದಿಯಾಗಿ ಇನ್ಯಾರೂ ಬರಲ್ಲ. ನಿಮ್ಮ ಕಾಲು ಕೊಡ್ತೀರಾ?”

ಅತ್ತಿಗೆ ತನ್ನ ಕಾಲುಗಳನ್ನು ಸರಕ್ಕನೆ ಸೀಟಿನಡಿಗೆ ಎಳೆದುಕೊಂಡಳು.

“ನಿಮ್ಮಣ್ಣನಿಗೆ ಇನ್ನೊಂದು ಕಾಲಿದೆಯಲ್ಲ. ಓಡದ ಹಾಗೆ ನಾನು ಅವರ ಮಂಡಿ ಮೇಲೆ ಕೂರ್ತೀನಿ, ನೀನು ಎಳಿ.”

ನಿಲ್ದಾಣ ಬಂತು. ಇಬ್ಬರೂ ನಗು ತಡೆಯಲಾರದೆ ಇಳಿದು, ಮನೆಯ ಕಡೆಗೆ ಬಿರಬಿರನೆ ನಡೆದರು.